ವಿಶ್ವವಿದ್ಯಾಲಯ, ಉದ್ಯಮ, ಸರ್ಕಾರ: ಕೂಡು ಸಂಶೋಧನೆಯಲ್ಲಿ ಸಣ್ಣ ಕೈಗಾರಿಕೆಯ ಪಾಲು

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಮೈಸೂರು ಸಂಸ್ಥಾನದ ಶ್ರೀಗಂಧದ ವ್ಯಾಪಾರಕ್ಕೆ ದೊಡ್ಡ ಪೆಟ್ಟು ಬಿದ್ದಿತು. ಅದುವರೆಗೆ ಸಂಸ್ಥಾನವು ಗಂಧದ ಕೊರಡುಗಳನ್ನು ಹರಾಜು ಹಾಕುತ್ತಿತ್ತು. ಅವು ಹಡಗೇರಿ ಯುರೋಪಿಗೆ, ಮುಖ್ಯವಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. ಯುದ್ಧದಿಂದಾಗಿ ಆ ಮಾರುಕಟ್ಟೆ ಮುಚ್ಚಿತು, ಕೊರಡುಗಳು ಗೋದಾಮಿನಲ್ಲಿ ಉಳಿದವು. ನಾಲ್ವಡಿ ಕೃಷ್ಣರಾಜ ಒಡೆಯರ ಹಾಗೂ ದಿವಾನ್ ಎಂ. ವಿಶ್ವೇಶ್ವರಯ್ಯನವರ ಸರ್ಕಾರವು ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಡೆ ನೋಡಿತು. ಅಲ್ಲಿನ ರಸಾಯನ ವಿಜ್ಞಾನಿಗಳಾದ ಸಡ್‌ಬರೊ ಮತ್ತು ವಾಟ್ಸನ್ ಅವರು ಎಣ್ಣೆ ಬಟ್ಟಿಯಿಳಿಸುವ ವಿಧಾನವನ್ನು ಪ್ರಯೋಗಾಲಯದಲ್ಲಿ ಸಿದ್ಧಪಡಿಸಿಕೊಟ್ಟರು. 1916ರಲ್ಲಿ ಸಂಸ್ಥಾನದಲ್ಲಿಯೇ ಗಂಧದೆಣ್ಣೆಯ ತಯಾರಿಕೆ ಆರಂಭವಾಯಿತು. ಅದರ ಬೆನ್ನಿಗೆ ಸಾಬೂನು ಕಾರ್ಖಾನೆಯೂ ಬಂದಿತು. ಮೈಸೂರು ಸ್ಯಾಂಡಲ್ ಸಾಬೂನು ಇಂದಿಗೂ ಅಂಗಡಿಗಳಲ್ಲಿದೆ.

ವಿದ್ಯಾಸಂಸ್ಥೆ, ಕಾರ್ಖಾನೆ ಮತ್ತು ಸರ್ಕಾರ ಒಂದುಗೂಡಿ ವಿಜ್ಞಾನವನ್ನು ಸರಕಾಗಿಸಿದ ಈ ನಿದರ್ಶನ ನೂರು ವರ್ಷಕ್ಕೂ ಹಳೆಯದು. ಆದರೆ ಅಲ್ಲಿ ಒಂದು ಅನುಕೂಲವಿತ್ತು. ಕಾಡು ಸಂಸ್ಥಾನದ್ದು, ಕಾರ್ಖಾನೆಯೂ ಸಂಸ್ಥಾನದ್ದು. ವಿಜ್ಞಾನ ಸಂಸ್ಥೆಗೆ ಟಾಟಾ ಮನೆತನದ ದತ್ತಿಯ ಜೊತೆಗೆ ಸುಮಾರು 370 ಎಕರೆ ಜಮೀನು ದೊರೆತದ್ದೂ ಅದೇ ಸಂಸ್ಥಾನದಿಂದ. ಕಂಡುಹಿಡಿದದ್ದು ಯಾರಿಗೆ ಸೇರಬೇಕು, ಲಾಭ ಯಾರಿಗೆ ಹೋಗಬೇಕು ಎಂಬ ವಿವಾದಕ್ಕೆ ಅವಕಾಶ ಕಡಿಮೆಯಿತ್ತು. ಇಂದು ಚಿಪ್ ತಯಾರಿಕೆ, ನ್ಯಾನೊ ವಸ್ತುಗಳು, ಕ್ವಾಂಟಮ್ ಉಪಕರಣಗಳಂತಹ ಹೊಸ ಕ್ಷೇತ್ರಗಳಲ್ಲಿ ಈ ಮೂವರು ಪಾಲುದಾರರು ಬೇರೆ ಬೇರೆ ದೇಶಗಳಲ್ಲಿರುತ್ತಾರೆ. ಅಷ್ಟೇ ಅಲ್ಲ, ಒಂದೇ ಮೇಜಿನ ಸುತ್ತ ಪರಸ್ಪರ ಪೈಪೋಟಿಯ ಕಂಪನಿಗಳೂ ಕುಳಿತಿರುತ್ತವೆ. ಇಂತಹ ಏರ್ಪಾಡು ನಡೆಯುವುದು ಹೇಗೆ? ಅದರಲ್ಲಿ ಸಣ್ಣ ತಯಾರಕನಿಗೆ ಸ್ಥಾನವಿದೆಯೇ? ಇದ್ದರೆ ಆತ ಯಾವ ಬಾಗಿಲಿನಿಂದ ಪ್ರವೇಶಿಸಬೇಕು, ಯಾವ ಎಚ್ಚರಿಕೆ ವಹಿಸಬೇಕು?

ಮೂವರು ಒಟ್ಟುಗೂಡುವುದೇಕೆ?

ಹೊಸ ವಿಜ್ಞಾನವು ಮಾರುಕಟ್ಟೆಯನ್ನು ತಲುಪುವ ದಾರಿಯಲ್ಲಿ ಒಂದು ಕಂದಕವಿದೆ. ವಿಶ್ವವಿದ್ಯಾಲಯದ ಕೆಲಸ ಸಾಮಾನ್ಯವಾಗಿ ಪ್ರಯೋಗಾಲಯದಲ್ಲಿ ತತ್ತ್ವವು ಸಿದ್ಧವಾದಲ್ಲಿಗೆ ನಿಲ್ಲುತ್ತದೆ. ಕಾರ್ಖಾನೆಯ ಆಸಕ್ತಿ ಆರಂಭವಾಗುವುದು ವಸ್ತುವನ್ನು ಸಾವಿರಗಟ್ಟಲೆ, ಒಂದೇ ಗುಣಮಟ್ಟದಲ್ಲಿ, ಗಿಟ್ಟುವ ಬೆಲೆಗೆ ತಯಾರಿಸಬಹುದು ಎಂದು ಕಂಡ ಮೇಲೆ. ಇವೆರಡರ ನಡುವಿನ ವರ್ಷಗಳಲ್ಲಿ ಖರ್ಚು ಅಪಾರ, ಆದಾಯ ಶೂನ್ಯ. ಯಾವ ಬ್ಯಾಂಕೂ ಆ ಅವಧಿಗೆ ಸುಲಭವಾಗಿ ಸಾಲ ನೀಡದು. ಈ ಕಂದಕಕ್ಕೆ ಸೇತುವೆ ಕಟ್ಟುವುದೇ ಸರ್ಕಾರದ ಪಾತ್ರ. 1990ರ ದಶಕದಲ್ಲಿ ಎಟ್ಸ್‌ಕೊವಿಟ್ಜ್ ಮತ್ತು ಲೇಡೆಸ್‌ಡಾರ್ಫ್ ಎಂಬ ವಿದ್ವಾಂಸರು ಈ ಮೂವರ ಸಂಬಂಧವನ್ನು ಮೂರೆಳೆಯ ಸುರುಳಿಗೆ ಹೋಲಿಸಿದರು. ಒಬ್ಬರ ಕೆಲಸ ಮುಗಿದ ಮೇಲೆ ಇನ್ನೊಬ್ಬರದು ಎಂಬ ಸರದಿ ಇಲ್ಲಿಲ್ಲ, ಮೂರೂ ಎಳೆಗಳು ಒಂದನ್ನೊಂದು ಹೊಸೆದುಕೊಂಡೇ ಸಾಗುತ್ತವೆ ಎಂಬುದು ಆ ಹೋಲಿಕೆಯ ತಾತ್ಪರ್ಯ.

ಆದರೆ ಸದಿಚ್ಛೆಯೊಂದರಿಂದಲೇ ಎಳೆಗಳು ಹೊಸೆದುಕೊಳ್ಳುವುದಿಲ್ಲ. ಕಾನೂನು ಅದಕ್ಕೆ ಎಡೆ ಮಾಡಿಕೊಡಬೇಕು. ಅಮೆರಿಕದಲ್ಲಿ 1980ರ ಬೇ-ಡೋಲ್ ಕಾಯ್ದೆ ಬರುವ ಮೊದಲು ಕೇಂದ್ರ ಸರ್ಕಾರದ ಹಣದಿಂದ ನಡೆದ ಸಂಶೋಧನೆಯ ಪೇಟೆಂಟುಗಳು ಹೆಚ್ಚಾಗಿ ಸರ್ಕಾರದ ಬಳಿಯೇ ಉಳಿಯುತ್ತಿದ್ದವು, ಅವುಗಳಲ್ಲಿ ಬಹುಪಾಲು ಯಾರ ಬಳಕೆಗೂ ಬರುತ್ತಿರಲಿಲ್ಲ. ಆ ಕಾಯ್ದೆಯು ಒಡೆತನವನ್ನು ತಾವೇ ಇಟ್ಟುಕೊಳ್ಳುವ ಹಕ್ಕನ್ನು ವಿಶ್ವವಿದ್ಯಾಲಯಗಳಿಗೂ ಸಣ್ಣ ಉದ್ದಿಮೆಗಳಿಗೂ ನೀಡಿತು. ವಿಶ್ವವಿದ್ಯಾಲಯಗಳು ಪರವಾನಗಿ ಕೊಡುವಾಗ ಸಣ್ಣ ಉದ್ದಿಮೆಗಳಿಗೆ ಆದ್ಯತೆ ಇರಬೇಕೆಂದೂ ವಿಧಿಸಿತು. 1984ರಲ್ಲಿ ಬಂದ ಇನ್ನೊಂದು ಕಾಯ್ದೆ ಪೈಪೋಟಿಯ ಕಂಪನಿಗಳು ಒಟ್ಟಾಗಿ ಸಂಶೋಧನೆ ನಡೆಸುವುದಕ್ಕಿದ್ದ ಏಕಸ್ವಾಮ್ಯ ವಿರೋಧಿ ಕಾನೂನಿನ ಭಯವನ್ನು ತಗ್ಗಿಸಿತು. ನಂತರದ ದಶಕಗಳ ಹಲವು ಒಕ್ಕೂಟಗಳಿಗೆ ಈ ಎರಡು ಕಾಯ್ದೆಗಳೇ ಅಡಿಪಾಯ.

ಒಂದು ಯಂತ್ರ, ಮೂರು ದಶಕ

ದೇಶದೇಶಗಳ ನಡುವಿನ ಕೂಡು ಸಂಶೋಧನೆಗೆ ಇಯುವಿ ಲಿಥೊಗ್ರಫಿ ಯಂತ್ರಕ್ಕಿಂತ ಉತ್ತಮ ಉದಾಹರಣೆ ದೊರೆಯುವುದು ಕಷ್ಟ. ಇಂದಿನ ಅತ್ಯಾಧುನಿಕ ಮೊಬೈಲ್ ಫೋನು ಮತ್ತು ಕಂಪ್ಯೂಟರುಗಳ ಚಿಪ್‌ಗಳ ಮೇಲಿನ ಅತಿ ಸೂಕ್ಷ್ಮ ವಿನ್ಯಾಸಗಳು ಮೂಡುವುದು ಈ ಯಂತ್ರದಿಂದ. ಇದನ್ನು ತಯಾರಿಸಿ ಮಾರುತ್ತಿರುವುದು ನೆದರ್‌ಲ್ಯಾಂಡ್ಸ್‌ನ ಎಎಸ್‌ಎಂಎಲ್ ಎಂಬ ಒಂದೇ ಕಂಪನಿ. ಆದರೆ ಅದರ ಹಿಂದಿನ ವಿಜ್ಞಾನ ಒಂದೇ ಕಂಪನಿಯದೂ ಅಲ್ಲ, ಒಂದೇ ದೇಶದ್ದೂ ಅಲ್ಲ.

ಸಿಲಿಕಾನ್ ಬಿಲ್ಲೆಯ ಮೇಲೆ ಬೆಳಕಿನಿಂದ ಗೆರೆ ಮೂಡಿಸುವುದೇ ಲಿಥೊಗ್ರಫಿ. ಗೆರೆ ಸಣ್ಣದಾಗಬೇಕಾದರೆ ಬೆಳಕಿನ ತರಂಗವೂ ಕಿರಿದಾಗಬೇಕು. ಉದ್ಯಮವು ಹಂತಹಂತವಾಗಿ 193 ನ್ಯಾನೊಮೀಟರ್ ತರಂಗದವರೆಗೆ ಬಂದು ನಿಂತಿತ್ತು. ಮುಂದಿನ ನೆಗೆತ 13.5 ನ್ಯಾನೊಮೀಟರಿಗೆ. ಈ ಕಿರಣವನ್ನು ಗಾಳಿಯೂ ಹೀರುತ್ತದೆ, ಗಾಜೂ ಹೀರುತ್ತದೆ. ಆದ್ದರಿಂದ ಮಸೂರಗಳನ್ನು ಬಿಟ್ಟು ಕನ್ನಡಿಗಳನ್ನು ಬಳಸಬೇಕು, ಕಿರಣದ ಇಡೀ ದಾರಿ ನಿರ್ವಾತದಲ್ಲಿರಬೇಕು. ಮಾಲಿಬ್ಡಿನಮ್ ಮತ್ತು ಸಿಲಿಕಾನ್‌ನ ತೆಳುಪದರಗಳನ್ನು ಒಂದರ ಮೇಲೊಂದು ಜೋಡಿಸಿದ ವಿಶೇಷ ಕನ್ನಡಿಯೂ ಸುಮಾರು ಶೇ. 70ರಷ್ಟು ಬೆಳಕನ್ನು ಮಾತ್ರ ಹಿಂದಿರುಗಿಸುತ್ತದೆ. ಇಂತಹ ಹತ್ತು ಕನ್ನಡಿಗಳನ್ನು ದಾಟುವಷ್ಟರಲ್ಲಿ ಉಳಿಯುವುದು ಶೇ. 3ಕ್ಕೂ ಕಡಿಮೆ. ಹಾಗಾಗಿ ಬೆಳಕಿನ ಮೂಲವು ಅತ್ಯಂತ ಪ್ರಬಲವಾಗಿರಬೇಕು. ಕರಗಿದ ತವರದ ಹನಿಗಳ ಮೇಲೆ ಸೆಕೆಂಡಿಗೆ ಸುಮಾರು 50,000 ಬಾರಿ ಲೇಸರ್ ಹೊಡೆದು ಈ ಬೆಳಕನ್ನು ಪಡೆಯಲಾಗುತ್ತದೆ.

ಈ ಕಿರಣದಿಂದ ಚಿತ್ರ ಮೂಡಿಸಬಹುದೆಂದು 1986ರಲ್ಲಿ ತೋರಿಸಿದವರು ಜಪಾನಿನ ದೂರವಾಣಿ ಸಂಸ್ಥೆ ಎನ್‌ಟಿಟಿಯ ವಿಜ್ಞಾನಿ ಹಿರೊ ಕಿನೊಶಿಟ. ಅದನ್ನು ಆಗ ನಂಬಿದವರು ಕಡಿಮೆ. ಅಮೆರಿಕದ ಬೆಲ್ ಪ್ರಯೋಗಾಲಯ ಮತ್ತು ಸರ್ಕಾರಿ ಒಡೆತನದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯಗಳಲ್ಲಿಯೂ ಕೆಲಸ ಸಾಗಿತ್ತು. 1996ರಲ್ಲಿ ಅಮೆರಿಕ ಸರ್ಕಾರದ ಅನುದಾನ ನಿಂತಾಗ ಇಂಟೆಲ್ ಮುಂದೆ ಬಂದಿತು. 1997ರಲ್ಲಿ ಅದು ಎಎಂಡಿ ಮತ್ತು ಮೊಟೊರೊಲಾ ಕಂಪನಿಗಳ ಜೊತೆಗೂಡಿ ಒಂದು ಒಕ್ಕೂಟ ರಚಿಸಿ, ಲಿವರ್‌ಮೋರ್, ಸ್ಯಾಂಡಿಯಾ ಮತ್ತು ಬರ್ಕ್ಲಿ ಎಂಬ ಮೂರು ರಾಷ್ಟ್ರೀಯ ಪ್ರಯೋಗಾಲಯಗಳೊಂದಿಗೆ ಕರಾರು ಮಾಡಿಕೊಂಡಿತು. ವಿಜ್ಞಾನಿಗಳೂ ಸಲಕರಣೆಗಳೂ ಸರ್ಕಾರದವು; ಸುಮಾರು 25 ಕೋಟಿ ಡಾಲರ್ ಹಣ ಕಂಪನಿಗಳದ್ದು. ಫಲಿತಾಂಶವನ್ನು ಮೊದಲು ಬಳಸುವ ಹಕ್ಕು ಹಣ ಹಾಕಿದವರಿಗೆ.

ಯಂತ್ರ ಕಟ್ಟುವವರು ಯಾರು ಎಂಬ ಪ್ರಶ್ನೆ ಎದ್ದಾಗ ಸರ್ಕಾರದ ಇನ್ನೊಂದು ಮುಖ ಕಾಣಿಸಿತು. ತೆರಿಗೆದಾರರ ಹಣದಿಂದ ಬೆಳೆದ ಜ್ಞಾನ ಹೊರದೇಶದ ಕಂಪನಿಗೆ ಹೋಗಬಾರದು ಎಂಬ ಕೂಗು ಅಮೆರಿಕದಲ್ಲಿ ಕೇಳಿಬಂದಿತು. ಜಪಾನಿನ ನಿಕಾನ್ ಕಂಪನಿಗೆ ಒಕ್ಕೂಟದಲ್ಲಿ ಪ್ರವೇಶ ದೊರೆಯಲಿಲ್ಲ. 1999ರಲ್ಲಿ ಎಎಸ್‌ಎಂಎಲ್‌ಗೆ ಷರತ್ತುಗಳ ಮೇಲೆ ಪ್ರವೇಶ ದೊರೆಯಿತು. ಮುಂದಿನ ಇಡೀ ಮಾರುಕಟ್ಟೆಯ ಸ್ವರೂಪವನ್ನು ಈ ಒಂದು ನಿರ್ಧಾರ ಬದಲಿಸಿತು ಎಂದರೆ ಅತಿಶಯೋಕ್ತಿಯಾಗದು.

2006ರಲ್ಲಿ ಎಎಸ್‌ಎಂಎಲ್ ತನ್ನ ಮೊದಲ ಎರಡು ಪ್ರಾಯೋಗಿಕ ಯಂತ್ರಗಳನ್ನು ಕಳುಹಿಸಿದ್ದು ಚಿಪ್ ಕಾರ್ಖಾನೆಗಳಿಗಲ್ಲ. ಒಂದು ಬೆಲ್ಜಿಯಂನ ಲ್ಯೂವೆನ್ ನಗರದ ಐಮೆಕ್ ಸಂಶೋಧನಾ ಕೇಂದ್ರಕ್ಕೆ, ಇನ್ನೊಂದು ಅಮೆರಿಕದ ಆಲ್ಬನಿಯಲ್ಲಿ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯದ ನ್ಯಾನೊ ವಿಜ್ಞಾನ ಕಾಲೇಜಿಗೆ. ಖರೀದಿದಾರ ಕಂಪನಿಗಳ ಎಂಜಿನಿಯರುಗಳು ಅಲ್ಲಿಗೇ ಹೋಗಿ ಯಂತ್ರದ ದೋಷಗಳನ್ನು ಒಟ್ಟಾಗಿ ಕಲಿತರು. 2012ರಲ್ಲಿ ಇಂಟೆಲ್, ಟಿಎಸ್‌ಎಂಸಿ ಮತ್ತು ಸ್ಯಾಮ್ಸಂಗ್ ಎಂಬ ಮೂರು ಪೈಪೋಟಿಯ ಕಂಪನಿಗಳು ಎಎಸ್‌ಎಂಎಲ್‌ನ ಷೇರು ಕೊಂಡದ್ದಲ್ಲದೆ ಸಂಶೋಧನೆಗಾಗಿಯೇ ಸುಮಾರು 138 ಕೋಟಿ ಯೂರೊ ನೀಡಲು ಒಪ್ಪಿದವು. ಕೊನೆಗೆ 2019ರಲ್ಲಿ ಈ ಯಂತ್ರದಿಂದ ತಯಾರಾದ ಚಿಪ್‌ಗಳು ದೊಡ್ಡ ಪ್ರಮಾಣದಲ್ಲಿ ಮಾರುಕಟ್ಟೆಗೆ ಬಂದವು. ಕಿನೊಶಿಟ ಅವರ ಮೊದಲ ಚಿತ್ರದಿಂದ ಲೆಕ್ಕ ಹಾಕಿದರೆ ಮೂವತ್ತಮೂರು ವರ್ಷ.

ಇಲ್ಲಿ ಸಣ್ಣ ತಯಾರಕರು ಗಮನಿಸಬೇಕಾದ ಅಂಶವೊಂದಿದೆ. ಎಎಸ್‌ಎಂಎಲ್ ಎಲ್ಲವನ್ನೂ ತಾನೇ ತಯಾರಿಸುವುದಿಲ್ಲ. ಲಕ್ಷಕ್ಕೂ ಮೀರಿದ ಬಿಡಿಭಾಗಗಳಿರುವ ಈ ಯಂತ್ರಕ್ಕಾಗಿ ಅದು ಸಾವಿರಾರು ಸರಬರಾಜುದಾರರನ್ನು ಅವಲಂಬಿಸಿದೆ. ಕನ್ನಡಿಗಳು ಜರ್ಮನಿಯ ಝೈಸ್ ಕಂಪನಿಯವು. ತವರದ ಹನಿಗೆ ಹೊಡೆಯುವ ಲೇಸರ್ ಜರ್ಮನಿಯ ಟ್ರಂಫ್ ಕಂಪನಿಯದು. 1923ರಲ್ಲಿ ಸ್ಟುಟ್‌ಗಾರ್ಟ್‌ನ ಒಂದು ವರ್ಕ್‌ಶಾಪ್ ಆಗಿ ಬೆಳೆಯತೊಡಗಿದ ಈ ಕುಟುಂಬ ಸಂಸ್ಥೆ ತಗಡು ಕತ್ತರಿಸುವ ಲೇಸರ್ ಯಂತ್ರಗಳಿಂದಾಗಿ ನಮ್ಮ ಕೈಗಾರಿಕಾ ವಸಾಹತುಗಳಿಗೂ ಪರಿಚಿತ. ಯಂತ್ರದ ಇನ್ನು ಕೆಲವು ಭಾಗಗಳನ್ನು ಒದಗಿಸುವ ವಿಡಿಎಲ್ ಸಮೂಹ 1953ರಲ್ಲಿ ನೆದರ್‌ಲ್ಯಾಂಡ್ಸ್‌ನ ಹಾಪರ್ಟ್ ಎಂಬ ಊರಿನಲ್ಲಿ ಲೋಹದ ಕೆಲಸದ ಸಣ್ಣ ಶೆಡ್ಡಿನಿಂದ ಆರಂಭವಾದದ್ದು. ತಗಡು, ಲೋಹ, ನಿರ್ವಾತ, ಹೊಳಪು ಇವುಗಳಲ್ಲಿ ಪಳಗಿದ ಕೈಗಳಿಲ್ಲದೆ ಆ ಉನ್ನತ ಭೌತವಿಜ್ಞಾನ ಯಂತ್ರವಾಗುತ್ತಿರಲಿಲ್ಲ.

ಪೈಪೋಟಿಗಾರರ ನಡುವಿನ ಗೆರೆ

ಪರಸ್ಪರ ಗ್ರಾಹಕರನ್ನು ಸೆಳೆಯುವ ಕಂಪನಿಗಳು ಒಂದೇ ಪ್ರಯೋಗಾಲಯದಲ್ಲಿ ಕೆಲಸ ಮಾಡುವುದು ಹೇಗೆ? ಯಾವುದು ಎಲ್ಲರದು, ಯಾವುದು ಅವರವರದು ಎಂಬ ಗೆರೆಯನ್ನು ಮೊದಲೇ ಎಳೆಯುವುದರಿಂದ. ಇಂತಹ ಪ್ರಯತ್ನಗಳ ಚರಿತ್ರೆಯನ್ನು ನೋಡಿದರೆ ಗೆರೆ ಸ್ಪಷ್ಟವಾಗಿದ್ದಲ್ಲಿ ಕೆಲಸ ಸಾಗಿದೆ, ಮಸುಕಾಗಿದ್ದಲ್ಲಿ ಎಡವಿದೆ.

ಜಪಾನ್ ಸರ್ಕಾರದ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯವು 1976ರಿಂದ 1980ರವರೆಗೆ ಚಿಪ್ ತಂತ್ರಜ್ಞಾನದ ಕೂಡು ಯೋಜನೆಯೊಂದನ್ನು ನಡೆಸಿತು. ಫುಜಿತ್ಸು, ಹಿಟಾಚಿ, ಮಿತ್ಸುಬಿಷಿ ಎಲೆಕ್ಟ್ರಿಕ್, ಎನ್‌ಇಸಿ ಮತ್ತು ತೊಷಿಬಾ ಎಂಬ ಐದು ಕಂಪನಿಗಳು ಅದರಲ್ಲಿದ್ದವು. ಒಟ್ಟು ವೆಚ್ಚ ಸುಮಾರು 7,000 ಕೋಟಿ ಯೆನ್. ಅದರಲ್ಲಿ ಸರ್ಕಾರದ ಪಾಲು ಸುಮಾರು ಶೇ. 40. ಆದರೆ ಐವರೂ ಕೂಡಿ ಕೆಲಸ ಮಾಡಿದ ಪ್ರಯೋಗಾಲಯಕ್ಕೆ ಹೋದದ್ದು ಹಣದ ಸಣ್ಣ ಭಾಗ ಮಾತ್ರ. ಅಲ್ಲಿ ಎಲ್ಲರಿಗೂ ಸಮಾನವಾಗಿ ಬೇಕಾದ ಮೂಲ ತಂತ್ರ ಮತ್ತು ತಯಾರಿಕಾ ಉಪಕರಣಗಳ ಮೇಲೆ ಗಮನವಿತ್ತು. ಮಾರಾಟದ ಚಿಪ್‌ಗಳ ಕೆಲಸ ಕಂಪನಿಗಳ ಸ್ವಂತ ಪ್ರಯೋಗಾಲಯಗಳಲ್ಲಿಯೇ ನಡೆಯಿತು. ಈ ಯೋಜನೆಯಿಂದ ಹೆಚ್ಚು ಬೆಳೆದವರಲ್ಲಿ ಐವರ ಪೈಕಿ ಅಲ್ಲದ, ಉಪಕರಣ ಒದಗಿಸಿದ ನಿಕಾನ್ ಕಂಪನಿಯೂ ಒಂದು ಎಂಬುದು ಗಮನಾರ್ಹ.

ಇದಕ್ಕೆ ಉತ್ತರವಾಗಿ ಅಮೆರಿಕದಲ್ಲಿ 1987ರಲ್ಲಿ ಹದಿನಾಲ್ಕು ಕಂಪನಿಗಳು ಸೆಮಾಟೆಕ್ ಎಂಬ ಒಕ್ಕೂಟ ರಚಿಸಿದವು. ಸರ್ಕಾರ ವರ್ಷಕ್ಕೆ 10 ಕೋಟಿ ಡಾಲರ್, ಸದಸ್ಯರು ಅಷ್ಟೇ ಮೊತ್ತ. ಚಿಪ್ ತಯಾರಿಕೆಯ ವಿಧಾನಗಳನ್ನೇ ಹಂಚಿಕೊಳ್ಳಬೇಕೆಂಬುದು ಮೊದಲ ಯೋಚನೆ. ಆದರೆ ತನ್ನ ಗುಟ್ಟನ್ನು ಪಕ್ಕದವನಿಗೆ ತೋರಿಸಲು ಯಾವ ಕಂಪನಿಯೂ ಮುಂದಾಗಲಿಲ್ಲ. ಆಗ ಒಕ್ಕೂಟವು ದಿಕ್ಕು ಬದಲಿಸಿ, ಎಲ್ಲರಿಗೂ ಯಂತ್ರ ಮತ್ತು ಸಾಮಗ್ರಿ ಒದಗಿಸುವ ತಯಾರಕರ ಗುಣಮಟ್ಟವನ್ನು ಮೇಲೆತ್ತುವ ಕೆಲಸಕ್ಕೆ ಇಳಿಯಿತು. ಅದು ಫಲಿಸಿತು. 1996ರ ಹೊತ್ತಿಗೆ ಸರ್ಕಾರದ ಹಣವಿಲ್ಲದೆ ನಡೆಯುವ ಸ್ಥಿತಿಗೆ ಸೆಮಾಟೆಕ್ ಬಂದಿತು.

ಜಪಾನ್, ಅಮೆರಿಕಗಳೆರಡರ ಅನುಭವವೂ ಒಂದೇ ಮಾತನ್ನು ಹೇಳುತ್ತದೆ. ದೊಡ್ಡ ಪೈಪೋಟಿಗಾರರು ನಿರಾತಂಕವಾಗಿ ಹಂಚಿಕೊಳ್ಳಬಲ್ಲದ್ದು ತಮ್ಮ ಸರಕನ್ನಲ್ಲ, ಸರಕು ತಯಾರಿಸುವ ಉಪಕರಣವನ್ನು. ಆದ್ದರಿಂದ ಇಂತಹ ಸಹಯೋಗಗಳಲ್ಲಿ ಮೊದಲು ತೆರೆಯುವ ಬಾಗಿಲು ಉಪಕರಣ, ಬಿಡಿಭಾಗ ಮತ್ತು ಸಾಮಗ್ರಿ ತಯಾರಕರದು.

ಗೆರೆಯನ್ನು ಕರಾರಿನ ರೂಪಕ್ಕೆ ತಂದದ್ದು ಐಮೆಕ್‌ನ ಸಾಧನೆ. ಬೆಲ್ಜಿಯಂನ ಫ್ಲಾಂಡರ್ಸ್ ಪ್ರಾಂತ್ಯದ ಸರ್ಕಾರವು ಲ್ಯೂವೆನ್ ವಿಶ್ವವಿದ್ಯಾಲಯದ ನೆರಳಿನಲ್ಲಿ 1984ರಲ್ಲಿ ಇದನ್ನು ಸ್ಥಾಪಿಸಿತು. ಆರಂಭದಲ್ಲಿ ಸುಮಾರು 70 ಮಂದಿಯಿದ್ದ ಸಂಸ್ಥೆಯಲ್ಲಿ ಇಂದು ಐದು ಸಾವಿರಕ್ಕೂ ಹೆಚ್ಚು ಜನರಿದ್ದಾರೆ. ಇಲ್ಲಿ ಬೌದ್ಧಿಕ ಸ್ವತ್ತನ್ನು ಮೂರು ಪದರಗಳಾಗಿ ವಿಂಗಡಿಸಲಾಗುತ್ತದೆ. ಐಮೆಕ್‌ನ ಬಳಿ ಮೊದಲೇ ಇದ್ದ ಜ್ಞಾನ ಅದರ ಸ್ವಂತದ್ದು. ಅದನ್ನು ಬಳಸಲು ಪಾಲುದಾರನಿಗೆ ಪರವಾನಗಿ ದೊರೆಯುತ್ತದೆ. ಪಾಲುದಾರನ ಎಂಜಿನಿಯರು ಅಲ್ಲಿ ಕೂಡಿ ಕೆಲಸ ಮಾಡಿ ಪಡೆದ ಫಲಿತಾಂಶ ಇಬ್ಬರಿಗೂ ಸೇರಿದ್ದು. ಒಬ್ಬರು ಇನ್ನೊಬ್ಬರಿಗೆ ಲೆಕ್ಕ ಒಪ್ಪಿಸಬೇಕಾಗಿಲ್ಲ. ಪಾಲುದಾರನ ಸರಕಿಗೆ ಮಾತ್ರ ಸಂಬಂಧಿಸಿದ ಫಲಿತಾಂಶ ಅವನೊಬ್ಬನದೇ. ಸಹಿ ಹಾಕುವ ಮೊದಲೇ ಯಾವುದು ಯಾವ ಪದರಕ್ಕೆ ಸೇರುತ್ತದೆ ಎಂಬುದು ತೀರ್ಮಾನವಾಗಿರುವುದರಿಂದಲೇ ಪೈಪೋಟಿಯ ಕಂಪನಿಗಳು ಅಕ್ಕಪಕ್ಕದಲ್ಲಿ ಕೆಲಸ ಮಾಡುತ್ತಿವೆ.

ಸಂಘದ ಮೂಲಕ ಸಂಶೋಧನೆ

ಐಮೆಕ್‌ನ ಸದಸ್ಯತ್ವ ಶುಲ್ಕ ಭರಿಸುವುದು ಸಣ್ಣ ಕಾರ್ಖಾನೆಗೆ ಆಗದ ಮಾತು. ಅದಕ್ಕೆ ಜರ್ಮನಿ ಬೇರೊಂದು ದಾರಿ ಕಂಡುಕೊಂಡಿದೆ. 1949ರಲ್ಲಿ ಸ್ಥಾಪನೆಯಾದ ಫ್ರೌನ್‌ಹೋಫರ್ ಸಂಸ್ಥೆ ಇಂದು ಎಪ್ಪತ್ತಕ್ಕೂ ಹೆಚ್ಚು ಸಂಶೋಧನಾಲಯಗಳನ್ನು ನಡೆಸುತ್ತಿದೆ. ಅದರ ಆದಾಯದಲ್ಲಿ ಸ್ಥೂಲವಾಗಿ ಮೂರನೆಯ ಒಂದು ಭಾಗ ಸರ್ಕಾರದ ಮೂಲ ಅನುದಾನ. ಉಳಿದದ್ದನ್ನು ಕಾರ್ಖಾನೆಗಳ ಕರಾರು ಕೆಲಸದಿಂದಲೂ ಸ್ಪರ್ಧೆಯಲ್ಲಿ ಗೆದ್ದ ಸಾರ್ವಜನಿಕ ಯೋಜನೆಗಳಿಂದಲೂ ಅದು ಗಳಿಸಬೇಕು. ಹೀಗಿರುವುದರಿಂದ ಉದ್ಯಮಿಯ ಪ್ರಶ್ನೆಗೆ ಕಿವಿಗೊಡದೆ ಅಲ್ಲಿನ ವಿಜ್ಞಾನಿಗೆ ವಿಧಿಯಿಲ್ಲ. ಅನೇಕ ಸಂಶೋಧನಾಲಯಗಳ ನಿರ್ದೇಶಕರು ಸಮೀಪದ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರೂ ಆಗಿರುತ್ತಾರೆ. ಅವರ ವಿದ್ಯಾರ್ಥಿಗಳು ಮುಂದೆ ಅದೇ ಕಾರ್ಖಾನೆಗಳ ಎಂಜಿನಿಯರುಗಳಾಗುತ್ತಾರೆ.

ವಾಣಿಜ್ಯ ಸಂಸ್ಥೆಗಳಿಗೆ ಇನ್ನೂ ಹತ್ತಿರವಾದದ್ದು 1954ರಿಂದ ಸಂಘಟಿತವಾಗಿ ಬೆಳೆದುಬಂದ ಕೈಗಾರಿಕಾ ಸಾಮೂಹಿಕ ಸಂಶೋಧನೆಯ ಪದ್ಧತಿ. ಇದರಲ್ಲಿ ಅರ್ಜಿ ಹಾಕುವುದು ಒಂಟಿ ಕಾರ್ಖಾನೆಯಲ್ಲ, ಆಯಾ ಕಸುಬಿನ ಸಂಶೋಧನಾ ಸಂಘ. ಎರಕ, ಜವಳಿ, ಬೆಸುಗೆ, ಆಹಾರ ಹೀಗೆ ಒಂದು ವಲಯಕ್ಕೆಲ್ಲ ಸಾಮಾನ್ಯವಾದ ಸಮಸ್ಯೆಯನ್ನು ಸಂಘ ಗುರುತಿಸುತ್ತದೆ. ಸರ್ಕಾರ ಹಣ ನೀಡುತ್ತದೆ. ವಿಶ್ವವಿದ್ಯಾಲಯ ಅಥವಾ ಸಂಶೋಧನಾಲಯ ಕೆಲಸ ನಡೆಸುತ್ತದೆ. ಸಣ್ಣ ಉದ್ದಿಮೆದಾರರಿರುವ ಸಮಿತಿ ಅದನ್ನು ಆಗಾಗ ಪರಿಶೀಲಿಸುತ್ತದೆ. ಫಲಿತಾಂಶ ವಲಯದ ಎಲ್ಲರಿಗೂ ಲಭ್ಯ. ಅದರಿಂದ ಮುಂದೆ ತನ್ನ ಸರಕನ್ನು ಹೇಗೆ ಉತ್ತಮಪಡಿಸಿಕೊಳ್ಳಬೇಕು ಎಂಬುದು ಪ್ರತಿಯೊಬ್ಬನ ಸ್ವಂತ ಜಾಣ್ಮೆ.

ತೈವಾನ್‌ನದು ಮೂರನೆಯ ದಾರಿ. 1973ರಲ್ಲಿ ಸರ್ಕಾರ ಸ್ಥಾಪಿಸಿದ ಐಟಿಆರ್‌ಐ ಸಂಸ್ಥೆ 1976ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯಿಂದ ಚಿಪ್ ತಂತ್ರಜ್ಞಾನವನ್ನು ಪಡೆದು, ತನ್ನ ಎಂಜಿನಿಯರುಗಳನ್ನು ಅಲ್ಲಿಗೆ ಕಳುಹಿಸಿ ತರಬೇತಿ ಕೊಡಿಸಿತು. ಕಲಿತವರನ್ನು ಸಂಸ್ಥೆಯಲ್ಲಿಯೇ ಹಿಡಿದಿಟ್ಟುಕೊಳ್ಳದೆ ಕಂಪನಿ ಕಟ್ಟಲು ಹೊರಗೆ ಬಿಟ್ಟಿತು. 1980ರಲ್ಲಿ ಯುಎಂಸಿ, 1987ರಲ್ಲಿ ಫಿಲಿಪ್ಸ್ ಕಂಪನಿಯ ಪಾಲುಬಂಡವಾಳದೊಂದಿಗೆ ಟಿಎಸ್‌ಎಂಸಿ ಹೊರಬಂದದ್ದು ಹೀಗೆ. ಅಲ್ಲಿ ತಂತ್ರಜ್ಞಾನದ ವರ್ಗಾವಣೆ ಎಂದರೆ ಕಾಗದದ ವರ್ಗಾವಣೆಯಾಗಿರಲಿಲ್ಲ, ಮನುಷ್ಯರ ವರ್ಗಾವಣೆಯಾಗಿತ್ತು.

ನಮ್ಮ ನೆಲದಲ್ಲಿ

2020-21ರ ಲೆಕ್ಕದಂತೆ ಭಾರತವು ಸಂಶೋಧನೆಗಾಗಿ ಮಾಡುತ್ತಿದ್ದ ವೆಚ್ಚ ರಾಷ್ಟ್ರೀಯ ಉತ್ಪನ್ನದ ಶೇ. 0.64. ಅದರಲ್ಲಿಯೂ ಹೆಚ್ಚಿನ ಭಾಗ ಸರ್ಕಾರದ್ದು, ಉದ್ಯಮದ್ದು ಕಡಿಮೆ. ಈ ಸ್ಥಿತಿಯನ್ನು ಬದಲಿಸಲು ಇತ್ತೀಚೆಗೆ ಕೆಲವು ಹೆಜ್ಜೆಗಳನ್ನು ಇಡಲಾಗಿದೆ. 2023ರ ಕಾಯ್ದೆಯಿಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ರಚನೆಯಾಯಿತು. ಅದರ ಉದ್ದೇಶಿತ 50,000 ಕೋಟಿ ರೂಪಾಯಿಗಳ ಬಹುಪಾಲು ಸರ್ಕಾರೇತರ ಮೂಲಗಳಿಂದ ಬರಬೇಕೆಂಬುದು ಯೋಜನೆ. ಖಾಸಗಿ ವಲಯದ ಸಂಶೋಧನೆಗೆ ದೀರ್ಘಾವಧಿಯ ಅಗ್ಗದ ಸಾಲ ಒದಗಿಸುವ 1 ಲಕ್ಷ ಕೋಟಿ ರೂಪಾಯಿಗಳ ನಿಧಿಗೆ 2025ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿತು. 2023ರ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ನ ಮೊತ್ತ 6,003.65 ಕೋಟಿ ರೂಪಾಯಿ. ಅದರ ನಾಲ್ಕು ಕೇಂದ್ರಗಳಲ್ಲಿ ಕ್ವಾಂಟಮ್ ಕಂಪ್ಯೂಟಿಂಗ್‌ಗೆ ಮೀಸಲಾದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ.

ಕ್ವಾಂಟಮ್ ಎಂಬ ಹೆಸರು ಕೇಳಿ ಸಣ್ಣ ತಯಾರಕರು ದೂರ ಸರಿಯಬೇಕಾಗಿಲ್ಲ. ಆ ಪ್ರಯೋಗಾಲಯಗಳಿಗೆ ಬೇಕಾದದ್ದು ನಿರ್ವಾತ ಕೋಶಗಳು, ಅತಿಶೀತಲ ಉಪಕರಣಗಳ ಭಾಗಗಳು, ಅಲುಗದ ಮೇಜುಗಳು, ಮೈಕ್ರಾನ್ ಲೆಕ್ಕದಲ್ಲಿ ತಿರುವಿದ ಲೋಹದ ತುಂಡುಗಳು, ಗದ್ದಲವಿಲ್ಲದ ವಿದ್ಯುತ್ ಪೂರೈಕೆ. ಇವುಗಳಲ್ಲಿ ಎಷ್ಟೋ ಇಂದು ಆಮದಾಗುತ್ತಿವೆ. ಪೀಣ್ಯದ ಟೂಲ್ ರೂಮುಗಳಿಗೂ ಯಂತ್ರ ಕಾರ್ಯಾಗಾರಗಳಿಗೂ ಅವು ಪೂರ್ಣ ಅಪರಿಚಿತವಾದ ಕೆಲಸಗಳಲ್ಲ. ಹಾಪರ್ಟ್‌ನ ಲೋಹದ ಶೆಡ್ಡು ಏರಿದ ಮೆಟ್ಟಿಲೂ ಇಂತಹುದೇ.

ದೊಡ್ಡ ಹೂಡಿಕೆಯಿಲ್ಲದೆ ಬಳಸಬಹುದಾದ ಸೌಕರ್ಯಗಳೂ ರಾಜ್ಯದಲ್ಲಿವೆ. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರವು ತನ್ನ ಸ್ವಚ್ಛ ಕೊಠಡಿ ಹಾಗೂ ಪರೀಕ್ಷಾ ಉಪಕರಣಗಳನ್ನು ಶುಲ್ಕದ ಮೇಲೆ ಹೊರಗಿನವರಿಗೂ ಒದಗಿಸುತ್ತದೆ. 1962ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕೇಂದ್ರೀಯ ತಯಾರಿಕಾ ತಂತ್ರಜ್ಞಾನ ಸಂಸ್ಥೆ ಯಂತ್ರೋಪಕರಣ ಮತ್ತು ಸೂಕ್ಷ್ಮ ಅಳತೆಯ ಕ್ಷೇತ್ರದಲ್ಲಿದೆ. 1950ರಲ್ಲಿ ಆರಂಭವಾದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ತನ್ನ ಪ್ರಕ್ರಿಯೆಗಳನ್ನು ಸಣ್ಣ ಉದ್ದಿಮೆದಾರರಿಗೂ ಪರವಾನಗಿಯ ಮೇಲೆ ನೀಡುತ್ತಾ ಬಂದಿದೆ.

ಕೊರತೆಯೆಂದರೆ ಗೆರೆಯದು. ಅಮೆರಿಕದ ಬೇ-ಡೋಲ್ ಮಾದರಿಯ ಮಸೂದೆಯೊಂದನ್ನು 2008ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಲಾಗಿತ್ತು; ಅದು ಕಾಯ್ದೆಯಾಗದೆ 2014ರಲ್ಲಿ ಹಿಂತೆಗೆಯಲ್ಪಟ್ಟಿತು. ಆದ್ದರಿಂದ ಸಾರ್ವಜನಿಕ ಹಣದ ಸಂಶೋಧನೆಯ ಫಲ ಯಾರಿಗೆ ಸೇರುತ್ತದೆ ಎಂಬುದು ಇಲ್ಲಿ ಆಯಾ ಸಂಸ್ಥೆಯ ನೀತಿಯನ್ನೂ ಅನುದಾನದ ಷರತ್ತನ್ನೂ ಅವಲಂಬಿಸಿದೆ. ಉದ್ಯಮಿಯ ರಕ್ಷಣೆಗೆ ಉಳಿಯುವುದು ಕರಾರು ಪತ್ರವೊಂದೇ.

ಸಹಿ ಹಾಕುವ ಮುನ್ನ

ವಿದ್ಯಾಸಂಸ್ಥೆಯೊಂದಿಗೆ ಸಂಶೋಧನೆಗೆ ಕೈಜೋಡಿಸುವ ಮೊದಲು ಕನಿಷ್ಠ ಐದು ವಿಷಯಗಳನ್ನು ಬರಹದಲ್ಲಿ ಇತ್ಯರ್ಥಪಡಿಸಿಕೊಳ್ಳುವುದು ಕ್ಷೇಮಕರ.

ಮೊದಲನೆಯದು, ಮೊದಲೇ ಇದ್ದ ಜ್ಞಾನ. ಕಾರ್ಖಾನೆಯು ವರ್ಷಗಳ ಅನುಭವದಿಂದ ಕಂಡುಕೊಂಡ ಮಿಶ್ರಣ, ಡ್ರಾಯಿಂಗ್, ಹದ ಇವುಗಳ ಪಟ್ಟಿ ಮಾಡಿ ಇವು ತನ್ನವು ಎಂದು ದಾಖಲಿಸದಿದ್ದರೆ ಮುಂದೆ ಅವೂ ಕೂಡು ಸ್ವತ್ತಿನೊಳಗೆ ಕಲಸಿಹೋಗುತ್ತವೆ.

ಎರಡನೆಯದು, ಜಂಟಿ ಪೇಟೆಂಟ್. ಹೆಸರು ಇಬ್ಬರದೂ ಇರಲಿ ಎಂದು ಸೌಜನ್ಯಕ್ಕಾಗಿ ಒಪ್ಪಿಕೊಳ್ಳುವುದು ರೂಢಿ. ಆದರೆ 1970ರ ಭಾರತೀಯ ಪೇಟೆಂಟ್ ಕಾಯ್ದೆಯ 50ನೆಯ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ ಜಂಟಿ ಒಡೆಯರಿಗೆ ಸಮಪಾಲು. ಪ್ರತಿಯೊಬ್ಬರೂ ಸ್ವಂತ ಲಾಭಕ್ಕಾಗಿ ಅದನ್ನು ಬಳಸಬಹುದು. ಆದರೆ ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಪರವಾನಗಿ ನೀಡುವಂತಿಲ್ಲ, ತನ್ನ ಪಾಲನ್ನು ಮಾರುವಂತಿಲ್ಲ. ಅಮೆರಿಕದಲ್ಲಿ ಹಾಗಲ್ಲ, ಅಲ್ಲಿ ಒಬ್ಬ ಜಂಟಿ ಒಡೆಯ ಇನ್ನೊಬ್ಬನನ್ನು ಕೇಳದೆಯೇ ಮೂರನೆಯವನಿಗೆ ಪರವಾನಗಿ ಕೊಡಬಲ್ಲ. ಎರಡು ದೇಶಗಳಲ್ಲಿ ನೋಂದಾಯಿಸುವ ಸಹಯೋಗದಲ್ಲಿ ಒಂದೇ ಹಕ್ಕು ಎರಡು ಬಗೆಯಾಗಿ ನಡೆಯುತ್ತದೆ ಎಂಬುದನ್ನು ಮರೆಯಬಾರದು.

ಮೂರನೆಯದು, ಪ್ರಕಟಣೆ. ಪ್ರಬಂಧ ಪ್ರಕಟಿಸುವುದು ಪ್ರಾಧ್ಯಾಪಕರ ಧರ್ಮ, ವಿದ್ಯಾರ್ಥಿಯ ಪದವಿಯ ಅಗತ್ಯ. ಆದರೆ ಪೇಟೆಂಟ್ ಅರ್ಜಿಗೆ ಮೊದಲೇ ವಿಷಯ ಬಹಿರಂಗವಾದರೆ ಹೊಸತನ ಹೋಯಿತೆಂದೇ ಲೆಕ್ಕ. ಕಾನೂನಿನಲ್ಲಿ ಕೆಲವು ವಿನಾಯಿತಿಗಳಿದ್ದರೂ ಅವುಗಳನ್ನು ನೆಚ್ಚಿ ಕೂರುವುದು ತರವಲ್ಲ. ಪ್ರಬಂಧ ಕಳುಹಿಸುವ ಮುನ್ನ ಇಂತಿಷ್ಟು ದಿನ ಕಾರ್ಖಾನೆಗೆ ತೋರಿಸಬೇಕು, ಅಷ್ಟರಲ್ಲಿ ಅರ್ಜಿ ಸಲ್ಲಿಸಬೇಕು ಎಂದು ಬರೆದುಕೊಂಡರೆ ಇಬ್ಬರಿಗೂ ನಷ್ಟವಿಲ್ಲ.

ನಾಲ್ಕನೆಯದು, ಗಡಿ ದಾಟುವ ಸರಕು ಮತ್ತು ಮಾಹಿತಿ. ನಾಗರಿಕ ಬಳಕೆಗೂ ಸೇನಾ ಬಳಕೆಗೂ ಒದಗುವ ವಸ್ತು, ಸಾಫ್ಟ್‌ವೇರ್ ಮತ್ತು ತಂತ್ರಜ್ಞಾನಗಳ ರಫ್ತಿಗೆ ಭಾರತದಲ್ಲಿ ಸ್ಕೋಮೆಟ್ ಪಟ್ಟಿಯ ನಿಯಂತ್ರಣವಿದೆ. ಡ್ರಾಯಿಂಗನ್ನು ಇ-ಮೇಲ್ ಮೂಲಕ ಕಳುಹಿಸುವುದೂ ಅದರ ವ್ಯಾಪ್ತಿಗೆ ಬರಬಹುದು. ಇಯುವಿ ಯಂತ್ರವನ್ನು ಚೀನಾಕ್ಕೆ ಕಳುಹಿಸಲು ನೆದರ್‌ಲ್ಯಾಂಡ್ಸ್ ಸರ್ಕಾರ ಪರವಾನಗಿ ನೀಡದಿರುವುದನ್ನು ಗಮನಿಸಿದರೆ, ಆರಂಭದಲ್ಲಿ ಹಣ ಕೊಡುವ ಸರ್ಕಾರವೇ ಕೊನೆಯಲ್ಲಿ ಬಾಗಿಲು ಕಾಯುವ ಸರ್ಕಾರವೂ ಆಗಬಲ್ಲದೆಂಬುದು ತಿಳಿಯುತ್ತದೆ.

ಐದನೆಯದು, ಕಾಲ ಮತ್ತು ನಿರ್ಗಮನ. ಯಾವ ಹಂತದಲ್ಲಿ ಏನು ಸಿದ್ಧವಾಗಬೇಕು, ಆಗದಿದ್ದರೆ ಯಾರು ಎಷ್ಟು ನಷ್ಟ ಹೊರಬೇಕು, ಅರ್ಧದಲ್ಲಿ ಹೊರಬಂದವನಿಗೆ ಏನು ಉಳಿಯುತ್ತದೆ ಎಂಬುದು ಕಾಗದದ ಮೇಲಿರಬೇಕು. ಮೂವತ್ತಮೂರು ವರ್ಷ ಕಾಯುವ ಶಕ್ತಿ ದೊಡ್ಡ ಕಂಪನಿಗೆ ಇರಬಹುದು. ಇಪ್ಪತ್ತು ಕೆಲಸಗಾರರಿರುವ ಕಾರ್ಖಾನೆಗೆ ಇಲ್ಲ. ಆದ್ದರಿಂದ ಇಡೀ ಯಂತ್ರದ ಕನಸಿಗೆ ಹಣ ಹೂಡುವ ಬದಲು, ಯಂತ್ರ ತಡವಾದರೂ ಬೇರೆಡೆ ಮಾರಾಟವಾಗಬಲ್ಲ ಒಂದು ಬಿಡಿಭಾಗದ ಮೇಲೆ ಹೂಡುವುದು ವಿವೇಕ. ಟ್ರಂಫ್ ಕಂಪನಿಯ ಲೇಸರ್ ತವರದ ಹನಿಗೆ ಹೊಡೆಯುವ ಮೊದಲು ವರ್ಷಗಟ್ಟಲೆ ತಗಡು ಕತ್ತರಿಸಿ ತನ್ನ ಖರ್ಚನ್ನು ತಾನೇ ದುಡಿದಿತ್ತು.

ಈ ಐದನ್ನೂ ಒಬ್ಬೊಬ್ಬ ಉದ್ಯಮಿಯೇ ವಕೀಲರನ್ನಿಟ್ಟು ಸಾಧಿಸುವುದು ಸುಲಭವಲ್ಲ. ಜರ್ಮನಿಯ ಕಸುಬುಸಂಘಗಳಂತೆ ವಾಣಿಜ್ಯ ಮಂಡಳಿಗಳು ವಲಯವಾರು ಸಮಸ್ಯೆಗಳ ಪಟ್ಟಿ ತಯಾರಿಸಿ, ಮಾದರಿ ಕರಾರನ್ನು ರೂಪಿಸಿ, ಸದಸ್ಯರ ಪರವಾಗಿ ಸಂಶೋಧನಾಲಯಗಳೊಂದಿಗೆ ಮಾತುಕತೆ ನಡೆಸಿದರೆ ಆ ಹೊರೆ ಹಗುರವಾಗುತ್ತದೆ. ವಿಶ್ವೇಶ್ವರಯ್ಯನವರ ಕಾಲದಲ್ಲಿ, ಗಂಧದೆಣ್ಣೆಯ ತಯಾರಿಕೆ ಆರಂಭವಾದ ಅದೇ 1916ರಲ್ಲಿ, ಮೈಸೂರು ವಾಣಿಜ್ಯ ಮಂಡಳಿಯೂ ಹುಟ್ಟಿತು. ಪ್ರಯೋಗಾಲಯದ ವಿಧಾನವನ್ನು ಕಾರ್ಖಾನೆಗೆ ತರುವ ಕೆಲಸವನ್ನು ಅಂದು ಸಂಸ್ಥಾನವೇ ಮಾಡಿತು. ಇಂದು ಅದನ್ನು ಉದ್ಯಮಿಗಳ ಸಂಘಗಳು ಕೈಗೆತ್ತಿಕೊಳ್ಳಬೇಕಾಗಿದೆ.